ಒಂದೇ ಗೂಡಿನ ಐದು ಗಿಡ್ಡ ಕೋಳಿ, ಐದು ಸ್ವಭಾವ: ನಮ್ಮ ಅವಲಕ್ಕಿ ಯಾಕೆ ಮೂಲೆ ಬಿಟ್ಟು ಬರುವುದಿಲ್ಲ?

ಸಾಗರದ ಹಿತ್ತಿಲು · ಭಾನುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಲ್ಲಿ ಐದು ಬ್ಯಾಂಟಮ್, ಅಂದರೆ ಗಿಡ್ಡ ಜಾತಿಯ ಕೋಳಿಗಳಿವೆ. ಐದೂ ಹೇಟೆಗಳೇ, ಹುಂಜ ಇಲ್ಲ. ಮಾರುವುದಕ್ಕೋ ಸಾರಿಗೋ ತಂದದ್ದಲ್ಲ, ಮಗಳ ಆಸೆಗೆ ತಂದದ್ದು. ಅಡುಗೆಮನೆಯ ಡಬ್ಬಿಗಳನ್ನು ನೋಡಿ ಅವಳೇ ಹೆಸರಿಟ್ಟಳು. ಸಾಸಿವೆ, ಜೀರಿಗೆ, ಮೆಂತ್ಯ, ಕೊತ್ತಂಬರಿ, ಅವಲಕ್ಕಿ.

ಸಾಸಿವೆ ಯಜಮಾನಿ. ಕಪ್ಪು ಮೈ, ತೂಕ ಮುಕ್ಕಾಲು ಕೇಜಿಯೂ ಇಲ್ಲ. ಗೂಡಿನ ಬಾಗಿಲು ತೆಗೆದರೆ ಮೊದಲು ಹೊರಗೆ ಬರುವವಳು ಅವಳೇ. ಎರೆಹುಳ ಸಿಕ್ಕರೆ ಕೊಕ್ ಕೊಕ್ ಅಂತ ಉಳಿದವರನ್ನು ಕರೆಯುತ್ತಾಳೆ, ಹುಂಜ ಕರೆಯುವ ಹಾಗೆ. ಮೇಲೆ ಹದ್ದು ಸುಳಿದರೆ ಸಣ್ಣಗೆ ಸೀಟಿಯಂಥ ಒಂದು ಎಳೆ ಸದ್ದು ಮಾಡುತ್ತಾಳೆ, ಎಲ್ಲರೂ ದಾಸವಾಳದ ಬುಡಕ್ಕೆ ಓಡುತ್ತಾರೆ. ಮುಂಗುಸಿ ಕಂಡರೆ ಆ ಸದ್ದೇ ಬೇರೆ. ಕೆಕ್ ಕೆಕ್ ಕೆಕ್ ಅಂತ ಕೇರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

ಜೀರಿಗೆ ಅಲೆಮಾರಿ. ಬೇಲಿ ಹಾರಿ ಪಕ್ಕದ ಬಾಳೆತೋಟಕ್ಕೆ ಹೋಗದಿದ್ದರೆ ಅವಳಿಗೆ ದಿನವೇ ಕಳೆಯುವುದಿಲ್ಲ. ಗೂಡಿನಲ್ಲಿ ಮೊಟ್ಟೆ ಇಟ್ಟದ್ದು ಕಡಿಮೆ. ಒಮ್ಮೆ ಸೌದೆ ರಾಶಿಯ ಹಿಂದೆ ಒಟ್ಟಿಗೆ ಹನ್ನೊಂದು ಸಿಕ್ಕಿದವು.

ಮೆಂತ್ಯಳಿಗೆ ಮನುಷ್ಯರೇ ಬೇಕು. ನಾನು ತರಕಾರಿ ಹೆಚ್ಚಲು ಹಿಂದಿನ ಮೆಟ್ಟಿಲ ಮೇಲೆ ಕೂತರೆ ಸಾಕು, ಮಡಿಲಿಗೆ ಹಾರಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೊತ್ತಂಬರಿ ಮಾತಿಲ್ಲದವಳು. ಆದರೆ ಎರಡು ತಿಂಗಳಿಗೊಮ್ಮೆ ಕಾವಿಗೆ ಕೂರುತ್ತಾಳೆ, ಆಗ ಅವಳ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ.

ಇನ್ನು ಅವಲಕ್ಕಿ. ಸಿಲ್ಕಿ ಅನ್ನುವ ತಳಿ, ಬಿಳಿ ಬಣ್ಣ, ಎಂಟು ತಿಂಗಳು. ಮೈ ತುಂಬ ಹತ್ತಿಯಂಥ ಪುಕ್ಕ, ತಲೆ ಮೇಲೆ ದೊಡ್ಡ ಪುಕ್ಕದ ಗುಚ್ಛ. ಅವಳು ಗೂಡಿನ ಮೂಲೆ ಬಿಟ್ಟು ಬರುವುದೇ ಇಲ್ಲ. ಕೈ ಚಾಚಿದರೆ ಕೊನೇ ಗಳಿಗೆಯಲ್ಲಿ ಬೆಚ್ಚಿಬಿದ್ದು ಗೋಡೆಗೆ ಹಾಯುತ್ತಾಳೆ. ಎಲ್ಲರೂ ಅವಳನ್ನು ಕುಕ್ಕುತ್ತಾರೆ. ರಾತ್ರಿ ನಾಲ್ವರೂ ಅಡ್ಡಕೋಲಿನ ಮೇಲೆ ಕೂತರೆ ಇವಳೊಬ್ಬಳೇ ನೆಲದ ಮೇಲೆ ಮಲಗುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಸಂಬಂಧಿಕರೊಬ್ಬರು, ಅದು ಮಂಕು ಕೋಳಿ, ನಮಗೆ ಕೊಟ್ಟುಬಿಡಿ, ನಮ್ಮಲ್ಲಿ ಬರೀ ಸಿಲ್ಕಿಗಳೇ ಇವೆ ಅಂತಿದ್ದಾರೆ. ಅವಳ ಸ್ವಭಾವವೇ ಹೀಗಾ? ಕೊಟ್ಟರೆ ಅವಳಿಗೆ ಒಳ್ಳೆಯದಾಗುತ್ತದಾ? ಸಾಕಿದವರು ಹೇಳಿ.


ಪುತ್ತೂರು ತೋಟ · ಭಾನುವಾರ ಬೆಳಗ್ಗೆ

ಮೇಡಂ, ಇದು ತಳಿಯ ಗುಣ. ತಲೆ ಕೆಡಿಸಿಕೊಳ್ಳಬೇಡಿ. ನಾನು ಹದಿನೈದು ವರ್ಷದಿಂದ ಫ್ಯಾನ್ಸಿ ಕೋಳಿ ಸಾಕುತ್ತಿದ್ದೇನೆ. ಸಿಲ್ಕಿ ಅಂದರೆ ಸಾಧು. ಯಾರ ಜೊತೆಗೂ ಜಗಳಕ್ಕೆ ಹೋಗುವುದಿಲ್ಲ, ಕುಕ್ಕಿಸಿಕೊಂಡು ಸುಮ್ಮನಿರುತ್ತದೆ. ಕಾವಿಗೆ ಕೂರುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಬಾತುಕೋಳಿ ಮೊಟ್ಟೆಗೆ 28 ದಿನ ಬೇಕು, ಅಷ್ಟೂ ದಿನ ಕೂತು ಮರಿ ಮಾಡಿಕೊಟ್ಟಿದೆ ನಮ್ಮ ಸಿಲ್ಕಿ.

ಅದೇ ಸೆಬ್ರೈಟ್ ನೋಡಿ. ಆರುನೂರು ಗ್ರಾಂ ಆಸುಪಾಸಿನ ಹಕ್ಕಿ, ಪುಕ್ಕಕ್ಕೆಲ್ಲ ಕಪ್ಪು ಗೆರೆಯ ಅಂಚು. ಹುಂಜಕ್ಕೂ ಹೇಟೆಯ ಹಾಗೇ ದುಂಡು ಪುಕ್ಕ, ಉದ್ದ ಬಾಲ ಇಲ್ಲ. 19ನೇ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೆಬ್ರೈಟ್ ಅನ್ನುವವರು ಮಾಡಿದ ತಳಿ. ಅದು ಒಂದು ಕಡೆ ನಿಲ್ಲುವುದಿಲ್ಲ, ಕೈಗೆ ಸಿಗುವುದಿಲ್ಲ, ಕಾವಿಗೂ ಸರಿಯಾಗಿ ಕೂರುವುದಿಲ್ಲ. ಬೀಜದಲ್ಲೇ ಬಂದದ್ದು.

ನಮ್ಮ ಕಡೆ ಕೋಳಿ ಅಂಕಕ್ಕೆ ಹೋಗುವವರು ಕುಕ್ಕುಟ ಪಂಚಾಂಗ ನೋಡುತ್ತಾರೆ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಬಲ ಅಂತ ಅದರಲ್ಲಿ ಬರೆದಿರುತ್ತದೆ. ನನಗೆ ಅಂಕ ಇಷ್ಟವಿಲ್ಲ, ಹೋಗುವುದೂ ಇಲ್ಲ. ಆದರೆ ಜಾತಿ, ಬಣ್ಣ ನೋಡಿ ಕೋಳಿಯ ಗುಣ ಹೇಳುವುದು ಹಿಂದಿನಿಂದಲೂ ಇದ್ದದ್ದು ಅಂತ ಹೇಳಿದೆ.


ತಾರಸಿ ಕೋಳಿ · ಭಾನುವಾರ ಮಧ್ಯಾಹ್ನ

ಅಣ್ಣ, ಸೆಬ್ರೈಟ್ ಮಾತು ಒಪ್ಪುತ್ತೇನೆ. ಸಿಲ್ಕಿ ಎಲ್ಲವೂ ಸಾಧು ಅನ್ನುವುದನ್ನು ಒಪ್ಪಲಾರೆ. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಎರಡು ಕಪ್ಪು ಸಿಲ್ಕಿ ಇವೆ. ಒಂದೇ ತಾಯಿ, ಒಂದೇ ದಿನ ಮೊಟ್ಟೆಯಿಂದ ಬಂದವು, ಒಂದೇ ಬಲ್ಬಿನ ಕೆಳಗೆ ಬೆಳೆದವು. ಒಂದು ಹೊಸಬರ ಕಾಲು ಕಂಡರೆ ಹೂಕುಂಡದ ಹಿಂದೆ ಹೋಗುತ್ತದೆ. ಇನ್ನೊಂದು ಗ್ಯಾಸ್ ಸಿಲಿಂಡರ್ ತರುವ ಹುಡುಗನ ಷೂ ಲೇಸ್ ಎಳೆಯಲು ಓಡುತ್ತದೆ. ತಳಿ ಒಂದೇ, ಮನೆ ಒಂದೇ. ಈ ವ್ಯತ್ಯಾಸ ಎಲ್ಲಿಂದ ಬಂತು?

ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತಿರುತ್ತೇನೆ. ಅವು ಎಂದೂ ನೋಡದ ಒಂದು ವಸ್ತುವನ್ನು ನಡುವೆ ಇಟ್ಟು ದೂರ ಕೂರುತ್ತೇನೆ. ಕೆಂಪು ಪ್ಲಾಸ್ಟಿಕ್ ಮಗ್ಗು, ಮಗನ ಚೆಂಡು, ಏನಾದರೂ. ಯಾರು ಮೊದಲು ಹತ್ತಿರ ಬರುತ್ತಾರೆ, ಯಾರು ಸುತ್ತು ಹಾಕುತ್ತಾರೆ, ಯಾರು ಓಡಿಹೋಗುತ್ತಾರೆ ಅಂತ ಬರೆದಿಡುತ್ತೇನೆ. ಒಂದು ದಿನದ್ದನ್ನು ನಂಬಬಾರದು. ವಾರಕ್ಕೊಂದು ಹೊಸ ವಸ್ತು ಇಟ್ಟು ನಾಲ್ಕು ವಾರ ನೋಡಿ. ನಾಲ್ಕೂ ಸಲ ಒಂದೇ ಥರ ನಡೆದುಕೊಂಡರೆ ಅದನ್ನು ಸ್ವಭಾವ ಅನ್ನಬಹುದು ಅಲ್ವಾ?


ನಿವೃತ್ತ ಪಶುವೈದ್ಯ, ಹಾಸನ · ಭಾನುವಾರ ರಾತ್ರಿ

ತಾಯಿ, ಸ್ವಭಾವ ಅನ್ನುವ ಮೊದಲು ಕೆಲವು ಸಂಗತಿ ನೋಡಬೇಕು. ಮಂಕಾಗಿ ಮೂಲೆ ಸೇರಿದ ಕೋಳಿ ಎಷ್ಟೋ ಸಲ ಕಾಯಿಲೆಯ ಕೋಳಿ. ಬೇಟೆಗೆ ಸಿಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ನಾವು ಗುರುತಿಸುವ ಹೊತ್ತಿಗೆ ತಡವಾಗಿರುತ್ತದೆ.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವಾರ ಬಿಟ್ಟು ಮತ್ತೆ ತೂಗಿ. ಎದೆಯ ಮೂಳೆ ಚಾಕುವಿನಂತೆ ಕೈಗೆ ಸಿಗುತ್ತಿದ್ದರೆ ಕೋಳಿ ಸೊರಗಿದೆ ಅಂತ. ಸಂಜೆ ಕತ್ತಿನ ಬುಡದ ಕಾಳಿನ ಚೀಲ ತುಂಬಿರಬೇಕು, ಬೆಳಗ್ಗೆ ಖಾಲಿ ಇರಬೇಕು. ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಹೇನು ಇದೆಯಾ ನೋಡಿ. ರಾತ್ರಿ ಟಾರ್ಚ್ ಹಿಡಿದು ಅಡ್ಡಕೋಲಿನ ಸಂದುಗಳನ್ನೂ ನೋಡಿ. ಕೆಂಪು ಉಣ್ಣಿ ಹುಳುಗಳು ಹಗಲು ಮರದ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ. ಸಿಲ್ಕಿಯ ಜುಟ್ಟು (ಪುಕ್ಕದ ಗುಚ್ಛವಲ್ಲ, ತಲೆ ಮೇಲಿನ ಮಾಂಸದ ಜುಟ್ಟು) ಹುಟ್ಟಿನಿಂದಲೇ ಕಡು ನೇರಳೆ, ಚರ್ಮ ಕಪ್ಪು. ಕೆಂಪು ಜುಟ್ಟಿನ ಕೋಳಿಯಲ್ಲಿ ನೋಡುವ ಹಾಗೆ ಬಣ್ಣ ನೋಡಿ ಆರೋಗ್ಯ ಹೇಳಲು ಬರುವುದಿಲ್ಲ.

ನೆಲದ ಮೇಲೆ ಮಲಗುವುದಕ್ಕೆ ಬೇಸರ ಕಾರಣವಲ್ಲ. ಮಾಮೂಲು ಪುಕ್ಕದ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸಿಲ್ಕಿಯ ಪುಕ್ಕದಲ್ಲಿ ಆ ಕೊಕ್ಕೆ ಇಲ್ಲ. ಅದಕ್ಕೇ ಅದು ಹತ್ತಿಯಂತೆ ಕಾಣುವುದು, ಅದಕ್ಕೇ ಅದು ಹಾರಲಾರದು, ಮಳೆಯಲ್ಲಿ ತೊಯ್ದರೆ ನೀರು ಜಾರಿಹೋಗದೆ ಚರ್ಮದ ತನಕ ನೆನೆಯುವುದು. ನೆಲದಿಂದ ಒಂದಡಿಗೂ ಕಡಿಮೆ ಎತ್ತರದಲ್ಲಿ ಅಗಲದ ಹಲಗೆ ಹಾಕಿಕೊಡಿ. ನಿಮ್ಮೂರಿನ ಮಳೆಗೆ ಅದನ್ನು ಖಂಡಿತ ಹೊರಗೆ ಬಿಡಬೇಡಿ.

ಕುಕ್ಕುವುದರ ಬಗ್ಗೆ. ನಾರ್ವೆಯ ಶೆಲ್ಡೆರುಪ್ ಎಬ್ಬೆ ಅನ್ನುವವರು ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬೆಳೆದವರು. ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಸಾಲು ಇದೆ ಅಂತ 1921ರ ಹೊತ್ತಿಗೆ ತೋರಿಸಿಕೊಟ್ಟರು. ಈ ಸಾಲು ಯಾವಾಗಲೂ ನೇರವಾಗಿರುವುದಿಲ್ಲ. ಉದಾಹರಣೆಗೆ, ಸಾಸಿವೆ ಜೀರಿಗೆಯನ್ನು, ಜೀರಿಗೆ ಮೆಂತ್ಯಳನ್ನು, ಮೆಂತ್ಯ ತಿರುಗಿ ಸಾಸಿವೆಯನ್ನು ಕುಕ್ಕುವುದೂ ಉಂಟು. ಸಾಲಿನ ಕೊನೆಯಲ್ಲಿರುವ ಕೋಳಿ ಅಂಜಿಕೊಂಡೇ ಇರುತ್ತದೆ. ಅದನ್ನು ನಾವು ಸ್ವಭಾವ ಅಂದುಕೊಳ್ಳುತ್ತೇವೆ, ನಿಜವಾಗಿ ಅದು ಅದರ ಜಾಗ.

ಹಾಗಾಗಿ ಒಂಟಿಯಾಗಿ ಬೇರೆ ಮನೆಗೆ ಕೊಡಬೇಡಿ. ಹೊಸ ಗುಂಪಿಗೆ ಒಬ್ಬಳೇ ಹೋದರೆ ಅಲ್ಲೂ ಕೊನೆಯ ಜಾಗದಿಂದಲೇ ಶುರು. ಕೊಡಲೇಬೇಕಾದರೆ ಜೊತೆಗೊಬ್ಬಳನ್ನು ಕೊಡಿ.


ಲೀಡ್ಸ್ ಕನ್ನಡತಿ · ಸೋಮವಾರ ಬೆಳಗ್ಗೆ

ಡಾಕ್ಟರ್ ಸರ್ ಹೇಳಿದ್ದೆಲ್ಲ ನೋಡಿ. ನನ್ನದು ಒಂದೇ ಪ್ರಶ್ನೆ, ಅಕ್ಕ. ಅವಳಿಗೆ ಕಣ್ಣು ಕಾಣಿಸುತ್ತಿದೆಯಾ?

ನೀವು ಬರೆದಿದ್ದೀರಲ್ಲ, "ಕೊನೇ ಗಳಿಗೆಯಲ್ಲಿ ಬೆಚ್ಚಿಬಿದ್ದು" ಅಂತ. ಅಲ್ಲೇ ನನಗೆ ಅನುಮಾನ ಬಂತು. ಕೈ ಕಂಡು ಹೆದರುವ ಕೋಳಿ ದೂರದಿಂದಲೇ ಓಡುತ್ತದೆ. ಕೈ ಕಾಣದ ಕೋಳಿಗೆ ಅದು ಮೈಗೆ ತಾಗುವ ಹೊತ್ತಿಗೇ ಗೊತ್ತಾಗುವುದು. ಸಿಲ್ಕಿಗಳಲ್ಲಿ ತಲೆಪುಕ್ಕ ಜಾಸ್ತಿಯಾದರೆ ಕಣ್ಣ ಮೇಲೆ ಪರದೆ ಬಿದ್ದ ಹಾಗೆ. ಮೇಲಿನಿಂದ, ಪಕ್ಕದಿಂದ ಏನೂ ಕಾಣುವುದಿಲ್ಲ. ಕುಕ್ಕಲು ಬರುವವರೂ ಕಾಣುವುದಿಲ್ಲ.

ಪರೀಕ್ಷೆ ಸುಲಭ. ಸದ್ದಾಗದ ಹಾಗೆ ಅವಳ ತಲೆಯ ಮೇಲೆ ನಿಧಾನಕ್ಕೆ ಕೈ ಆಡಿಸಿ. ಆಮೇಲೆ ಕೊಕ್ಕಿನ ಕೆಳಗೆ ಅಂಗೈಯಲ್ಲಿ ನುಚ್ಚು ಹಿಡಿಯಿರಿ. ಮೇಲಿನ ಕೈಗೆ ಏನೂ ಆಗದೆ ಕೆಳಗಿನ ನುಚ್ಚು ಮಾತ್ರ ಕಂಡರೆ ತಲೆಪುಕ್ಕವೇ ಕಾರಣ.

ನನ್ನ ಹತ್ತಿರ ಇರುವುದು ಮೂರು ಪೆಕಿನ್ ಬ್ಯಾಂಟಮ್. ಕಾಲಿಗೂ ಪುಕ್ಕ, ನಡೆದರೆ ಚೆಂಡು ಉರುಳಿದ ಹಾಗೆ. ಇಲ್ಲಿ ಇಂಗ್ಲೆಂಡಿನಲ್ಲಿ ಸಿಲ್ಕಿಯನ್ನು ದೊಡ್ಡ ಕೋಳಿಗಳ ಸಾಲಿಗೆ ಸೇರಿಸುತ್ತಾರೆ, ಅಮೆರಿಕದಲ್ಲಿ ಬ್ಯಾಂಟಮ್ ಸಾಲಿಗೆ. ಮೂರರಲ್ಲಿ ಒಂದು ಪಕ್ಕದ ಮನೆಯ ಬೆಕ್ಕನ್ನೇ ಅಟ್ಟುತ್ತದೆ. ಮೊದಲು ಹೀಗಿರಲಿಲ್ಲ, ಯಜಮಾನಿ ಕೋಳಿ ಸತ್ತ ಮೇಲೆ ಶುರುವಾಯಿತು. ಹಾಗಾಗಿ ಜಾಗದ ಬಗ್ಗೆ ಡಾಕ್ಟರ್ ಹೇಳಿದ್ದು ನನಗೆ ಸರಿ ಅನ್ನಿಸಿತು.

ಅಮ್ಮ ಊರಿನಲ್ಲಿ ಅನ್ನ, ದೋಸೆ ಚೂರು ಹಾಕಿ ಕೋಳಿ ಸಾಕಿದವರು. ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಮಾಂಸ, ಹಾಲು, ಮೊಟ್ಟೆ ಬಳಸುವ ಅಡುಗೆಮನೆಯಿಂದ ಬಂದ ಅನ್ನದ ಅಗುಳನ್ನೂ ಕೋಳಿಗೆ ಹಾಕಬಾರದು ಅನ್ನುವುದು ಕಾನೂನು. 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ನೋಂದಣಿ ಮಾಡಿಸಬೇಕು. ಹಕ್ಕಿಜ್ವರದ ಭಯ. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಂಬುವುದಿಲ್ಲ.


ಮದ್ದೂರು ಗದ್ದೆ · ಸೋಮವಾರ ಸಂಜೆ

ನಮ್ಮ ಮನೆಯಲ್ಲಿ ಕೋಳಿಗೆ ಯಾರೂ ಹೆಸರಿಟ್ಟವರಲ್ಲ. ಹಬ್ಬಕ್ಕೆ, ನೆಂಟರಿಗೆ ಅಂತಲೇ ಸಾಕಿದ್ದು. ಆದರೂ ನಮ್ಮಜ್ಜಿಗೆ ಒಂದೊಂದರ ಗುಣವೂ ಬಾಯಿಪಾಠ. ಗೊತ್ತಿಲ್ಲದಿದ್ದರೆ ನಷ್ಟ ಅವರಿಗೇ ತಾನೇ?

ಕಾವಿಗೆ ಯಾವ ಹೇಟೆ ಕೂರಿಸಬೇಕು ಅನ್ನುವುದು ದೊಡ್ಡ ತೀರ್ಮಾನ. ಇದು ಒಂಬತ್ತು ದಿನಕ್ಕೆ ಎದ್ದುಬಿಡುತ್ತೆ, ಬೇಡ. ಅದು ಮರಿ ಮಾಡುತ್ತೆ, ಆದರೆ ಮರಿಗಳನ್ನು ಬಿಟ್ಟು ತಾನೇ ಮೇಯುತ್ತೆ, ಬೇಡ. ಆ ಕೆಂಚಿ ಇದೆಯಲ್ಲ, ಅದು ಗಿಡುಗನ ಮೇಲೂ ಎಗರುತ್ತೆ, ಅದಕ್ಕೇ ಇಡು. ಹೀಗೆ ಹೇಳಿ ಮಂಕರಿಗೆ ಹುಲ್ಲು ಹಾಸಿ, ಒಂದೆರಡು ಇದ್ದಿಲ ಚೂರು ಇಟ್ಟು, ಮೊಟ್ಟೆ ಜೋಡಿಸುತ್ತಿದ್ದರು. ಒಳ್ಳೆ ತಾಯಿಯಾಗುವ ಹೇಟೆಯನ್ನು ಎಂಥ ನೆಂಟರು ಬಂದರೂ ಕುಯ್ಯುತ್ತಿರಲಿಲ್ಲ. ಒಂದು ಹೇಟೆ ನಮ್ಮಲ್ಲಿ ಆರು ವರ್ಷ ಇತ್ತು.

ಈಗ ಪೇಟೆಯವರು ಕೋಳಿಗೂ ಸ್ವಭಾವ ಇದೆ ಅಂತ ಹೊಸದಾಗಿ ಕಂಡುಹಿಡಿದವರ ಹಾಗೆ ಬರೆದರೆ ನನಗೆ ಅಜ್ಜಿ ನೆನಪಾಗುತ್ತಾರೆ. ಬೇಸರದಿಂದ ಹೇಳುತ್ತಿಲ್ಲ. ಅವರಿಗೆ ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೆ.


ಸಾಗರದ ಹಿತ್ತಿಲು · ಬುಧವಾರ ರಾತ್ರಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಲ್ಲವನ್ನೂ ಮಾಡಿ ನೋಡಿದೆ.

ತೂಕ 840 ಗ್ರಾಂ. ಎದೆ ಮೂಳೆಯ ಎರಡೂ ಕಡೆ ಮಾಂಸ ಇದೆ. ಹೇನು ಸ್ವಲ್ಪ ಇತ್ತು. ಉಳಿದವರಲ್ಲಿ ಇಲ್ಲ, ಇವಳಲ್ಲಿ ಮಾತ್ರ. ಆಮೇಲೆ ಗೊತ್ತಾಯಿತು, ಬೂದಿ ಗುಂಡಿಯಲ್ಲಿ ಹೊರಳಾಡಲು ಇವಳಿಗೆ ಯಾರೂ ಜಾಗವನ್ನೇ ಬಿಡುತ್ತಿರಲಿಲ್ಲ. ಈಗ ಅವಳಿಗೇ ಒಂದು ಹಳೇ ಬಾಂಡ್ಲಿಯಲ್ಲಿ ಒಲೆಬೂದಿ, ಒಣಮಣ್ಣು ಹಾಕಿಟ್ಟಿದ್ದೇನೆ.

ಲೀಡ್ಸ್ ತಂಗಿ, ನಿಮ್ಮ ಪರೀಕ್ಷೆ ಮಾಡುವಾಗ ನನ್ನ ಕೈ ನಡುಗಿತು. ತಲೆ ಮೇಲೆ ಕೈ ಆಡಿಸಿದೆ, ಏನೂ ಇಲ್ಲ. ಬಲಗಡೆ ಆಡಿಸಿದೆ, ಏನೂ ಇಲ್ಲ. ಎಡಗಡೆ, ಏನೂ ಇಲ್ಲ. ಕೊಕ್ಕಿನ ಕೆಳಗೆ ನುಚ್ಚು ಹಿಡಿದೆ, ಟಕ್ ಅಂತ ತಿಂದಳು. ಎಂಟು ತಿಂಗಳು ನನ್ನ ಕಣ್ಣೆದುರೇ ಈ ಮಗು ಕುರುಡಿಯ ಹಾಗೆ ಬದುಕಿದೆ. ನಾನು ಫೋಟೋ ತೆಗೆದು, ತಲೆಪುಕ್ಕ ಎಷ್ಟು ಚೆಂದ ಅಂತ ಎಲ್ಲರಿಗೂ ಕಳಿಸುತ್ತಿದ್ದೆ.

ಇವತ್ತು ಮಗಳು ಅವಳನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡಳು, ನಾನು ಕಣ್ಣ ಸುತ್ತ ಕತ್ತರಿಸಿದೆ. ಎಷ್ಟು ಕತ್ತರಿಸಬೇಕು ಗೊತ್ತಾಗದೆ ಸ್ವಲ್ಪವೇ ತೆಗೆದಿದ್ದೇನೆ. ಇನ್ನೂ ತೆಗೆಯಬಹುದಾ?


ನಿವೃತ್ತ ಪಶುವೈದ್ಯ, ಹಾಸನ · ಬುಧವಾರ ರಾತ್ರಿ

ತೆಗೆಯಬಹುದು. ತುದಿ ಮೊಂಡಾದ ಸಣ್ಣ ಕತ್ತರಿ ಬಳಸಿ, ತುದಿ ಸದಾ ಕಣ್ಣಿನಿಂದ ಆಚೆಗಿರಲಿ. ಹೊಸದಾಗಿ ಹುಟ್ಟುತ್ತಿರುವ ಪುಕ್ಕದ ಬುಡ ಕಡ್ಡಿಯಂತೆ ಗಟ್ಟಿಯಾಗಿ, ಕಪ್ಪಾಗಿ ಕಾಣುತ್ತದೆ. ಅದರೊಳಗೆ ರಕ್ತ ಇರುತ್ತದೆ, ಮುಟ್ಟಬೇಡಿ. ಬಲಿತ ಪುಕ್ಕ ನಮ್ಮ ಉಗುರಿನ ಹಾಗೆ, ನೋವಾಗುವುದಿಲ್ಲ. ಪುಕ್ಕ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕಾಗುತ್ತದೆ.

ಇನ್ನು ಅವಳು ತಲೆ ವಾಲಿಸುವುದನ್ನು ಗಮನಿಸಿ. ಕೋಳಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಕಾಳು ಆರಿಸುವಾಗ ಬಲಗಣ್ಣು, ಆಕಾಶದಲ್ಲಿ ಹದ್ದು ನೋಡುವಾಗ ಎಡಗಣ್ಣು ಹೆಚ್ಚು ಬಳಸುತ್ತದೆ. ಮೇಲೆ ನೋಡಲು ತಲೆ ವಾಲಿಸಿದಳು ಅಂದರೆ ಚೆನ್ನಾಗಿ ಕಾಣುತ್ತಿದೆ ಅಂತಲೇ.


ಧಾರವಾಡ ಅಂಗಳ · ಗುರುವಾರ

ನಮಸ್ಕಾರ ರೀ. ಓದಿ ಕಣ್ಣು ತುಂಬಿ ಬಂತು. ನನ್ನದೂ ಒಂದು ಹೇಳುತ್ತೇನೆ.

ನಮ್ಮಲ್ಲಿ ಒಂದು ಹಳೇ ಗಿಡ್ಡ ಹೇಟೆ ಇತ್ತು. ಮೊಟ್ಟೆ ನಿಲ್ಲಿಸಿ ವರ್ಷವಾಗಿತ್ತು. ಒಂದು ದಿನ ಬೆಳಗಿನ ಜಾವ ಹುಂಜದ ಹಾಗೆ ಕೂಗಿತು. ಸ್ವಲ್ಪ ದಿನಕ್ಕೆ ಕಾಲಿಗೆ ಹುಂಜದಂಥ ಮುಳ್ಳು ಬಂತು, ಜುಟ್ಟು ದೊಡ್ಡದಾಯಿತು. ಅತ್ತೆಯವರಿಗೆ ಭಯ. ಹೇಟೆ ಕೂಗಿದರೆ ಮನೆಗೆ ಕೇಡು, ಇವತ್ತೇ ಕಳಿಸಿಬಿಡು ಅಂದರು. ಪಶು ಆಸ್ಪತ್ರೆಯ ಡಾಕ್ಟರನ್ನು ಮನೆಗೇ ಕರೆದುಕೊಂಡು ಬಂದೆ. ಕೋಳಿಗೆ ಎಡಗಡೆಯ ಅಂಡಾಶಯ ಒಂದೇ ಕೆಲಸ ಮಾಡುವುದು, ಅದು ಮುದಿಯಾಗಿಯೋ ರೋಗದಿಂದಲೋ ನಿಂತರೆ ಹೆಣ್ಣು ಹಾರ್ಮೋನು ಕಡಿಮೆಯಾಗಿ ಹುಂಜದ ಲಕ್ಷಣ ಬರುತ್ತದೆ ಅಂತ ಅವರು ಅತ್ತೆಗೆ ಕೂರಿಸಿಕೊಂಡು ಹೇಳಿದರು. ಅತ್ತೆ ಪೂರ್ತಿ ಒಪ್ಪಲಿಲ್ಲ. ಆದರೆ ಕಳಿಸಲೂ ಇಲ್ಲ. ಅದು ಇನ್ನೂ ಎರಡು ವರ್ಷ ಬದುಕಿತು. ಕೊನೆಕೊನೆಗೆ ಅದು ಕೂಗಿದರೆ ಅತ್ತೆಯೇ ಎದ್ದು ಒಲೆ ಹಚ್ಚುತ್ತಿದ್ದರು.

ನಿಮ್ಮ ಸಾಸಿವೆ ಎಲ್ಲರನ್ನೂ ಕರೆಯುತ್ತಾಳೆ, ಕಾವಲು ಕಾಯುತ್ತಾಳೆ ಅಂದಿರಲ್ಲ. ಹುಂಜ ಇಲ್ಲದ ಗುಂಪಿನಲ್ಲಿ ಮೇಲಿನ ಹೇಟೆ ಆ ಕೆಲಸ ಹೊರುವುದುಂಟು. ಮುಂದೆ ಕೂಗಿದರೂ ಹೆದರಬೇಡ್ರಿ.


ತಾರಸಿ ಕೋಳಿ · ಗುರುವಾರ

ಅಕ್ಕ, ಒಂದು ಮಾತು ಹೇಳಲಾ? ಅವಲಕ್ಕಿಯ ಅಂಜಿಕೆ ಸ್ವಭಾವ ಅಲ್ಲ ಅಂತ ಗೊತ್ತಾಯಿತು. ಹಾಗಾದರೆ ಮೆಂತ್ಯ ನಿಮ್ಮ ಮಡಿಲಿಗೆ ಬರುವುದು ಪ್ರೀತಿಯಿಂದಲೇ ಅಂತ ಹೇಗೆ ಹೇಳುತ್ತೀರಿ? ಮಡಿಲಲ್ಲಿ ಕೂತರೆ ಸಾಸಿವೆ ಕುಕ್ಕಲಾರಳು ಅಂತಲೂ ಇರಬಹುದಲ್ವಾ? ನೋವು ಮಾಡಲು ಕೇಳುತ್ತಿಲ್ಲ. ನಾನೂ ನನ್ನ ಕೋಳಿಗಳ ಬಗ್ಗೆ ಇದನ್ನೇ ಯೋಚಿಸುತ್ತಿದ್ದೇನೆ.


ಸಾಗರದ ಹಿತ್ತಿಲು · ಮರುವಾರದ ಸೋಮವಾರ

ಆ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಉಳಿದವರನ್ನು ಗೂಡಿನಲ್ಲೇ ಬಿಟ್ಟು ಮೆಂತ್ಯ ಒಬ್ಬಳನ್ನೇ ಹಿತ್ತಿಲಿಗೆ ಬಿಟ್ಟೆ. ಕುಕ್ಕುವವರು ಯಾರೂ ಇಲ್ಲ. ಇಡೀ ಹಿತ್ತಿಲು ಅವಳದೇ, ಗೆದ್ದಲು ಎದ್ದ ಹುತ್ತ ಕೂಡ ಅವಳದೇ. ನಾನು ಮೆಟ್ಟಿಲ ಮೇಲೆ ಕೂತು ಅವಳನ್ನು ನೋಡದೆ ಬೀನ್ಸ್ ಬಿಡಿಸುತ್ತಿದ್ದೆ. ಐದು ನಿಮಿಷ ಗೆದ್ದಲು ತಿಂದಳು. ಆಮೇಲೆ ಬಂದು ಮಡಿಲಿಗೆ ಹಾರಿದಳು. ಮೂರು ದಿನ ಹೀಗೇ ಮಾಡಿದೆ, ಮೂರು ದಿನವೂ ಬಂದಳು. ಇನ್ನು ನಾನು ಏನನ್ನೂ ಪರೀಕ್ಷೆ ಮಾಡುವುದಿಲ್ಲ. ಆ ಕೋಳಿಗೆ ನಾನು ಬೇಕು, ನನಗೆ ಅಷ್ಟು ಸಾಕು.

ಅವಲಕ್ಕಿಯ ಸುದ್ದಿ. ಕತ್ತರಿಸಿದ ಮೊದಲ ದಿನ ಅವಳು ಬಾಗಿಲಲ್ಲಿ ನಿಂತು ಸುಮ್ನೆ ನೋಡುತ್ತಿದ್ದಳು. ಒಂದು ಗಂಟೆ ಇರಬಹುದು. ತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಎಲೆ ಅಲ್ಲಾಡಿದರೆ ಅದನ್ನು ನೋಡುವುದು, ಬಟ್ಟೆ ಅಲ್ಲಾಡಿದರೆ ಅದನ್ನು ನೋಡುವುದು. ಎರಡನೇ ದಿನ ಹೊರಗೆ ಬಂದಳು. ಮೂರನೇ ದಿನ ಜೀರಿಗೆ ಕುಕ್ಕಲು ಬಂದಾಗ ಓಡಲಿಲ್ಲ. ಕತ್ತಿನ ಪುಕ್ಕ ಕೆದರಿ ಎದುರು ನಿಂತಳು! ಇಬ್ಬರೂ ಎರಡು ಸಲ ಎದೆಗೆ ಎದೆ ಹಾರಿದರು. ಜೀರಿಗೆ ಹಿಂದೆ ಸರಿದಳು. ಮಗಳು ಅಡುಗೆಮನೆಗೆ ಓಡಿಬಂದು ಕುಣಿದಳು.

ತಾರಸಿ ತಂಗಿ ಹೇಳಿದ ಹಾಗೆ ಕೆಂಪು ಮಗ್ಗನ್ನೂ ಇಟ್ಟೆ. ಸಾಸಿವೆ ದೂರದಿಂದ ಕೂಗಿ ಎಚ್ಚರಿಸಿದಳು, ಹತ್ತಿರ ಬರಲಿಲ್ಲ. ಜೀರಿಗೆ ತಿರುಗಿಯೂ ನೋಡಲಿಲ್ಲ. ಮೊದಲು ಹೋಗಿ ಮಗ್ಗನ್ನು ಕುಕ್ಕಿದವಳು ಯಾರು ಗೊತ್ತಾ? ಅವಲಕ್ಕಿ. ಸುತ್ತ ಎರಡು ಸುತ್ತು ಹಾಕಿ, ಒಳಗೆ ತಲೆ ಹಾಕಿ ನೋಡಿದಳು. ಎಲ್ಲರಿಗಿಂತ ಹೆಚ್ಚು ಕುತೂಹಲ ಇದ್ದವಳೇ ಇಷ್ಟು ದಿನ ಏನೂ ಕಾಣದೆ ಮೂಲೆಯಲ್ಲಿ ಕೂತಿದ್ದಳು.

ಎತ್ತಿಕೊಳ್ಳುವುದು ಮಾತ್ರ ಅವಳಿಗೆ ಈಗಲೂ ಇಷ್ಟವಿಲ್ಲ. ಹತ್ತಿರ ಬರುತ್ತಾಳೆ, ಕೈಯಿಂದ ತಿನ್ನುತ್ತಾಳೆ. ಹಿಡಿಯಲು ಹೋದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಬೆಚ್ಚುವುದಿಲ್ಲ, ಬೇಡ ಅನ್ನುತ್ತಾಳೆ. ಸಂಬಂಧಿಕರಿಗೆ ಫೋನ್ ಮಾಡಿ ಕೊಡುವುದಿಲ್ಲ ಅಂದೆ.

ಈ ಗಲಾಟೆಯ ನಡುವೆ ಕೊತ್ತಂಬರಿ ಮತ್ತೆ ಕಾವಿಗೆ ಕೂತಿದ್ದಾಳೆ. ಹುಂಜ ಇಲ್ಲದ ಮೊಟ್ಟೆಗಳು, ಮರಿಯಾಗುವುದಿಲ್ಲ. ಏನು ಮಾಡಲಿ?


ನಿವೃತ್ತ ಪಶುವೈದ್ಯ, ಹಾಸನ · ಸೋಮವಾರ

ಎರಡು ದಾರಿ. ಕಾವು ಬಿಡಿಸಬೇಕಾದರೆ ತಳದಲ್ಲಿ ಜಾಲರಿ ಇರುವ ಪಂಜರದಲ್ಲಿ, ಹುಲ್ಲು ಹಾಸದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇಡಿ. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿ ತಣ್ಣಗಾದರೆ ಕಾವು ಇಳಿಯುತ್ತದೆ. ನೀರಿನಲ್ಲಿ ಅದ್ದುವುದು ಬೇಡ. ಎರಡನೇ ದಾರಿ, ಹುಂಜ ಇರುವ ಮನೆಯಿಂದ ಮೊಟ್ಟೆ ತಂದು ರಾತ್ರಿ ಹೊತ್ತು ಅವಳ ಕೆಳಗೆ ಸರಿಸಿ, ಹಳೆಯದನ್ನು ತೆಗೆಯಿರಿ. ಸುಮಾರು 21 ದಿನ. ಹೆಚ್ಚಾಗಿ ದಿನಕ್ಕೊಮ್ಮೆ ಏಳುತ್ತಾಳೆ, ಆಗ ಮೇವು ನೀರು ಹತ್ತಿರವೇ ಇರಲಿ.

ಕಾವಿನ ಸಿಟ್ಟನ್ನು ಸ್ವಭಾವಕ್ಕೆ ಸೇರಿಸಬೇಡಿ. ಅದು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನಿನ ಕೆಲಸ. ಆದರೆ ಮದ್ದೂರಿನವರ ಅಜ್ಜಿ ನೋಡುತ್ತಿದ್ದದ್ದು ಅದರ ಮುಂದಿನದನ್ನು. ಮರಿ ಬಂದ ಮೇಲೆ ಯಾರು ಎಂಥ ತಾಯಿ ಅನ್ನುವುದರಲ್ಲಿ ಒಂದೊಂದು ಕೋಳಿಯೂ ಬೇರೆ. ಅದು ನಿಜ.

ಮರಿಗಳಾದರೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್ ಅನ್ನುವ ಕೋಳಿ ಕಾಯಿಲೆಯ) ಲಸಿಕೆ ಹಾಕಿಸಿ. ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ತೆರೆದ ಮೇಲೆ ಇಡಲು ಬರುವುದಿಲ್ಲ. ಸುತ್ತಲಿನ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿಕೊಳ್ಳಿ.


ಪುತ್ತೂರು ತೋಟ · ಮಂಗಳವಾರ

ಮೇಡಂ, ನಾನು ಮೊದಲು ಬರೆದದ್ದು ಪೂರ್ತಿ ಸರಿಯಲ್ಲ ಅಂತ ಒಪ್ಪುತ್ತೇನೆ. ನಿಮ್ಮ ಪೋಸ್ಟ್ ಓದಿ ಸಂಜೆ ನನ್ನ ಒಂಬತ್ತು ಸಿಲ್ಕಿಗಳನ್ನೂ ಹಿಡಿದು ತಲೆ ಮೇಲೆ ಕೈ ಆಡಿಸಿದೆ. ನಾಲ್ಕಕ್ಕೆ ಕಾಣುತ್ತಿರಲಿಲ್ಲ. ಹದಿನೈದು ವರ್ಷ ನಾನು ಸಾಧು ಅಂದುಕೊಂಡದ್ದರಲ್ಲಿ ಎಷ್ಟು ಕೋಳಿಗಳಿಗೆ ಕಣ್ಣು ಕಾಣದೆ ಇತ್ತೋ. ನಾಲ್ಕಕ್ಕೂ ಕತ್ತರಿಸಿದ್ದೇನೆ. ತಳಿಗೂ ಗುಣಕ್ಕೂ ಸಂಬಂಧ ಇದೆ ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಕಾವಿನ ವಿಷಯದಲ್ಲಿ ನೀವೇ ನೋಡುತ್ತೀರಿ.


ಸಾಗರದ ಹಿತ್ತಿಲು · ನಾಲ್ಕು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಊರಿನಲ್ಲೇ ಒಬ್ಬರ ಮನೆಯಿಂದ ಏಳು ಮೊಟ್ಟೆ ತಂದು ಕೊತ್ತಂಬರಿಯ ಕೆಳಗೆ ಇಟ್ಟಿದ್ದೆ. ಐದು ಮರಿ ಬಂದಿವೆ. ಮಾತಿಲ್ಲದ ಕೊತ್ತಂಬರಿ ಈಗ ದಿನವಿಡೀ ಮರಿಗಳ ಜೊತೆ ಮಾತಾಡುತ್ತಾಳೆ. ಮೊದಲ ದಿನ ಮರಿಗಳನ್ನು ಹೊರಗೆ ಕರೆತಂದಾಗ ಸಾಸಿವೆ ಸ್ವಲ್ಪ ಹತ್ತಿರ ಬಂದಳು. ಕೊತ್ತಂಬರಿ ರೆಕ್ಕೆ ಇಳಿಬಿಟ್ಟು ಅವಳನ್ನು ಬಾವಿಕಟ್ಟೆಯ ತನಕ ಅಟ್ಟಿಸಿಕೊಂಡು ಹೋದಳು. ಸಾಸಿವೆಯನ್ನು ಯಾರಾದರೂ ಅಟ್ಟಿದ್ದು ಇದೇ ಮೊದಲು. ಮದ್ದೂರಿನ ಅಣ್ಣ, ನಿಮ್ಮ ಅಜ್ಜಿ ಇದ್ದಿದ್ದರೆ ಇವಳನ್ನೇ ಆರಿಸುತ್ತಿದ್ದರು.

ಮರಿಗಳಿಗೆ ಲಸಿಕೆ ಆಯಿತು, ಮೂರು ಮನೆಯವರು ಸೇರಿದೆವು. ಮಗಳು ಡಬ್ಬಿಗಳ ಮುಂದೆ ನಿಂತು ಇನ್ನೂ ಐದು ಹೆಸರು ಹುಡುಕುತ್ತಿದ್ದಾಳೆ.

ಇನ್ನೊಂದು ಸುದ್ದಿ. ನಿನ್ನೆಯಿಂದ ಅವಲಕ್ಕಿ ಮೊಟ್ಟೆ ಬುಟ್ಟಿ ಬಿಟ್ಟು ಎದ್ದಿಲ್ಲ. ಇವತ್ತು ಬೆಳಗ್ಗೆ ಕೈ ಹಾಕಿದರೆ ಮೈ ಉಬ್ಬಿಸಿ ಗುರ್ ಅಂದಳು. ಎದೆಯ ಪುಕ್ಕ ಕಿತ್ತು ಬುಟ್ಟಿಗೆ ಹಾಸಿಕೊಂಡಿದ್ದಾಳೆ. ಪುತ್ತೂರಿನ ಅಣ್ಣ, ಇದಂತೂ ತಳಿಯ ಗುಣವೇ, ಒಪ್ಪಿದೆ. ಅವಳಿಗೆ ಎಷ್ಟು ಮೊಟ್ಟೆ ಇಡಲಿ?


ಪುತ್ತೂರು ತೋಟ · ಅದೇ ದಿನ

ನಾಟಿ ಕೋಳಿಯ ಮೊಟ್ಟೆ ಆದರೆ ಐದು ಸಾಕು. ಗಿಡ್ಡ ಕೋಳಿಯ ಮೊಟ್ಟೆ ಆದರೆ ಎಂಟರವರೆಗೂ ಇಡಬಹುದು, ಎಲ್ಲವೂ ಮೈ ಕೆಳಗೆ ಮುಚ್ಚಬೇಕು. ಕತ್ತಲಾದ ಮೇಲೆ ಇಡಿ. ಇಡುವ ಮೊದಲು ಕಣ್ಣ ಸುತ್ತ ಒಮ್ಮೆ ನೋಡಿ ಮೇಡಂ. ಈ ಹೊತ್ತಿಗೆ ಪುಕ್ಕ ಮತ್ತೆ ಬಂದಿರಬಹುದು. ಮರಿಗಳು ಬಂದಾಗ ಅವಳಿಗೆ ಕಾಣಬೇಕಲ್ಲ.